ಬದುಕಿದವರ ಲೆಕ್ಕ ಮಾತ್ರ ಸಾಲದು

ನಿಮ್ಮ ಪ್ರಶ್ನೆ ಓದಿದೆ. ಮೂಡಿಗೆರೆಯ ತೋಟದಲ್ಲಿ ಯಾರಿಗೆ ಹಾವು ಕಚ್ಚಿದರೂ ನಿಮ್ಮ ಮಾವನವರು ಮೊದಲು ನಾಟಿ ಔಷಧಿಗೆ ಕಳುಹಿಸುತ್ತಾರೆ, ‘ಇಪ್ಪತ್ತು ಜನ ಬದುಕಿದ್ದಾರೆ’ ಎನ್ನುತ್ತಾರೆ, ಅದೂ ವಿಜ್ಞಾನ ಪದವೀಧರರು. ಏನು ಹೇಳಲಿ ಎಂದು ಕೇಳಿದ್ದೀರಿ.

ಆ ಇಪ್ಪತ್ತು ಜನ ಸುಳ್ಳಲ್ಲ, ಅದೇ ತೊಡಕು. ಹೆಚ್ಚಿನ ಹಾವುಗಳಿಗೆ ಕೊಲ್ಲುವ ವಿಷವಿಲ್ಲ. ನಾಗರಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಮಜ್ಜಿಗೆ ಕುಡಿದಿದ್ದರೂ ಬದುಕುತ್ತಿದ್ದರು. ಹೆಸರು ಮಾತ್ರ ಸೊಪ್ಪಿಗೆ ಬಂತು. ಸತ್ತವರು ಸಾಕ್ಷಿ ಹೇಳಲು ಬರುವುದಿಲ್ಲ.

ಪದವಿಯ ಮಾತು ಬಿಡಿ, ಕಾಫಿಯ ಮಾತೆತ್ತಿ. ಹೊಸ ಔಷಧಿ ತುಕ್ಕು ರೋಗಕ್ಕೆ ಆಗುತ್ತದೆಯೇ ಎಂದು ನೋಡಲು ಒಂದು ಸಾಲಿಗೆ ಸಿಂಪಡಿಸಿ, ಪಕ್ಕದ ಸಾಲನ್ನು ಹಾಗೇ ಬಿಡುತ್ತಾರಲ್ಲವೇ? ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇಂಥ ಹೋಲಿಕೆಗಳಿಂದಲೇ ಬೆಳೆದಿದೆ. ‘ಸಿಂಪಡಿಸದ ಸಾಲು ಎಲ್ಲಿ ಮಾವ?’ ಎಂದು ಕೇಳಿ. ನನ್ನ ಚಿಕ್ಕಪ್ಪನೊಡನೆ ವಾದಿಸಿ ಸೋತವನು ನಾನು. ಕಾಫಿಗಿಡ ತೋರಿಸಿದ ಮೇಲೆ ಅವರು ಕನಿಷ್ಠ ಸುಮ್ಮನಾದರು.

ನಮ್ಮಲ್ಲಿ ಸಿಗುವ ಪ್ರತಿವಿಷ, ಅಂದರೆ ಹಾವಿನ ವಿಷ ಇಳಿಸಲು ಆಸ್ಪತ್ರೆಯಲ್ಲಿ ಕೊಡುವ ಮದ್ದು, ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ತೋಟದ ಹಸಿರು ಗುಳಿಮಂಡಲಕ್ಕೆ ಅದು ನಾಟುವುದಿಲ್ಲ, ಆದರೂ ಆಸ್ಪತ್ರೆಯಲ್ಲಿ ಊತ, ರಕ್ತಸ್ರಾವವನ್ನು ನೋಡಿಕೊಳ್ಳುತ್ತಾರೆ. ಕಟ್ಟುಹಾವಿನ ಕಡಿತದಲ್ಲಿ ನೋವೇ ಇರದೆ, ಗಂಟೆಗಳ ನಂತರ ಉಸಿರು ಕಟ್ಟಬಹುದು. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು ಬೇಡ. ಕೈಕಾಲು ಅಲುಗಾಡಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಅಂದ ಹಾಗೆ, ರಾತ್ರಿ ಹೊತ್ತು ಜೀಪ್ ಓಡಿಸಬಲ್ಲವರು ತೋಟದ ಕಾರ್ಮಿಕರ ಲೈನಿನಲ್ಲಿ ಯಾರಿದ್ದಾರೆ ಎಂದು ಈಗಲೇ ವಿಚಾರಿಸಿಡಿ.