ಆಮೇಲೆ ಫೋನ್ ಬಂದ್ರೆ ಏನಂತೀಯ?

ಪ್ರಶ್ನೆ: ಅಕ್ಕ, ನಾನು ಬಿಕಾಂ ಎರಡನೇ ವರ್ಷ ಓದ್ತಿದೀನಿ. ಮುಂದಿನ ವಾರ ನಮ್ ಕಾಲೇಜಲ್ಲಿ ಬೋನ್ ಮ್ಯಾರೋ (ಮೂಳೆಮಜ್ಜೆ) ದಾನಿಗಳ ನೋಂದಣಿ ಕ್ಯಾಂಪ್ ಇದೆ, ಎನ್ಎಸ್ಎಸ್ ಕಡೆಯಿಂದ ನಾನೂ ವಾಲಂಟಿಯರ್. ಅಮ್ಮ ಮಾತ್ರ "ಬೆನ್ನುಮೂಳೆಗೆ ಸೂಜಿ ಹಾಕ್ತಾರೆ, ಮದುವೆ ಆಗೋ ಹುಡುಗಿ, ನಿಂಗ್ಯಾಕೆ ಇದೆಲ್ಲ" ಅಂತ ಗಾಬರಿ ಆಗಿದಾರೆ. ಸರ್ ಬೇರೆ 200 ಜನರನ್ನ ಮಾಡಿಸ್ಬೇಕು ಅಂತ ಟಾರ್ಗೆಟ್ ಕೊಟ್ಟಿದಾರೆ. ಟೇಬಲ್ ಹತ್ರ ಬಂದೋರಿಗೆ ನಾನು ಏನ್ ಹೇಳ್ಲಿ?
- ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಅಮ್ಮನ ಭಯಕ್ಕೆ ಬರೋಣ, ಇದೇ ಭಯ ಇಟ್ಕೊಂಡು ನಿನ್ ಟೇಬಲ್ಲಿಗೂ ಎಷ್ಟೋ ಜನ ಬರ್ತಾರೆ. ಕ್ಯಾಂಪ್ ದಿನ ಸೂಜಿನೇ ಇಲ್ಲಮ್ಮ. ಫಾರಂ ತುಂಬಿ ಸಹಿ ಹಾಕೋದು, ಹತ್ತಿ ಕಡ್ಡೀಲಿ ಕೆನ್ನೆ ಒಳಗಡೆ ಉಜ್ಜಿ ಕವರಿಗೆ ಹಾಕೋದು, ಮುಗೀತು. ಲ್ಯಾಬಲ್ಲಿ ಅದ್ರಿಂದ ಎಚ್ಎಲ್ಎ ಟೈಪ್ ನೋಡ್ತಾರೆ, ಅಂದ್ರೆ ನಮ್ ಜೀವಕೋಶದ ಮೇಲಿರೋ ಗುರುತು, ಅರ್ಧ ಅಪ್ಪಂದು ಅರ್ಧ ಅಮ್ಮಂದು. ಮಜ್ಜೆ ಬೇಕಾಗಿರೋ ಯಾವುದಾದ್ರೂ ರೋಗಿಗೆ ಅದು ಹೊಂದಿಕೆ ಆದ್ರೆ ಮಾತ್ರ ಮುಂದಿನ ಮಾತು, ಎಷ್ಟೋ ಜನಕ್ಕೆ ಆ ಫೋನ್ ಬರೋದೇ ಇಲ್ಲ.

ಬಂದ್ರೂ ಹೆಚ್ಚಿನವರು ಕೊಡೋದು ತೋಳಿನ ರಕ್ತದಿಂದಾನೇ. ನಾಲ್ಕೈದು ದಿನ ಇಂಜೆಕ್ಷನ್ ಕೊಡ್ತಾರೆ, ಮಜ್ಜೆಯಲ್ಲಿರೋ ಸ್ಟೆಮ್ ಸೆಲ್ (ರಕ್ತ ತಯಾರಿಸೋ ಮೂಲ ಜೀವಕೋಶ) ರಕ್ತಕ್ಕೆ ಬರ್ಲಿ ಅಂತ, ಆಮೇಲೆ ನಾಲ್ಕರಿಂದ ಆರು ಗಂಟೆ ಮಷಿನ್ ಪಕ್ಕ ಮಲಗಿದ್ರೆ ಅದು ಬೇಕಾದ್ದನ್ನ ತಗೊಂಡು ಉಳಿದ ರಕ್ತ ವಾಪಸ್ ಕೊಡುತ್ತೆ. ಆ ಇಂಜೆಕ್ಷನ್ ದಿನಗಳಲ್ಲಿ ಮೈಕೈ ನೋವು ತಲೆನೋವು ಇರುತ್ತೆ, ಅದನ್ನ ಮುಚ್ಚಿಡಬೇಡ, ಹೇಳು. ಕೆಲವರಿಂದ ಮಾತ್ರ ಅನಸ್ತೇಶಿಯಾ ಕೊಟ್ಟು ಸೊಂಟದ ಹಿಂಭಾಗದ ಮೂಳೆಯಿಂದ ಮಜ್ಜೆ ತೆಗೀತಾರೆ. ಬೆನ್ನುಹುರಿ ತಂಟೆಗೇ ಹೋಗಲ್ಲ. ತೆಗೆದ ಮಜ್ಜೆ ಕೆಲವೇ ವಾರಗಳಲ್ಲಿ ಮತ್ತೆ ತುಂಬ್ಕೊಳ್ಳುತ್ತೆ, ಮುಂದೆ ಮಕ್ಕಳಾಗೋದಕ್ಕೂ ಇದರಿಂದ ತೊಂದರೆ ಇಲ್ಲ. ಇದನ್ನ ಅಮ್ಮಂಗೆ ಓದಿ ಹೇಳು.

ಇನ್ನು ಆ 200. ನಂಗೆ ನಿಜವಾಗ್ಲೂ ಹೇಳ್ಬೇಕಿರೋದು ಇದೇ. ನಾನೂ ಕೆಲವು ವರ್ಷದ ಹಿಂದೆ ಒಂದು ಕ್ಯಾಂಪಲ್ಲಿ ನಿಂತಿದ್ದೆ, ನಮ್ ಬೀದಿ ಹುಡುಗ ಒಬ್ಬ ದೂರದಲ್ಲಿ ನಿಂತು ನೋಡ್ತಿದ್ದ, "ಬಾರೋ, ಎರಡ್ ನಿಮಿಷದ ಕೆಲಸ" ಅಂತ ಕೈ ಹಿಡಿದು ಎಳ್ಕೊಂಡ್ ಬಂದು ಕೂರಿಸಿದೆ. ಎರಡು ವರ್ಷ ಆದ್ಮೇಲೆ ಅವನಿಗೆ ಮ್ಯಾಚ್ ಆಗಿದೆ ಅಂತ ಫೋನ್ ಬಂತು. ಅವನು ಬೇಡ ಅಂದ, "ಅಕ್ಕ ಹೇಳಿದ್ರು ಅಂತ ಸಹಿ ಹಾಕಿದ್ದೆ ಅಷ್ಟೇ" ಅಂದ. ತಪ್ಪು ಅವನದಲ್ಲ, ನಾನು ಅವನಿಗೆ ಏನೂ ವಿವರಿಸಿರಲಿಲ್ಲ. ಆ ಕಡೆ ಯಾವುದೋ ಮನೇಲಿ ದಾನಿ ಸಿಕ್ಕಿದ್ರು ಅಂತ ದೇವರಿಗೆ ದೀಪ ಹಚ್ಚಿರ್ತಾರಲ್ಲ, ಅವರ ನೆನಪು ನಂಗೆ ಇವತ್ತಿಗೂ ಹೋಗಿಲ್ಲ. ಅವನು ಶುರುವಲ್ಲೇ ಬೇಡ ಅಂದ, ಅದೇ ಸ್ವಲ್ಪ ಸಮಾಧಾನ. ಯಾಕಂದ್ರೆ ಕಸಿಗೆ, ಅಂದ್ರೆ ದಾನಿಯ ಸ್ಟೆಮ್ ಸೆಲ್ ರೋಗಿಗೆ ಏರಿಸೋದಕ್ಕೆ, ಕೆಲವು ದಿನ ಮೊದಲೇ ರೋಗಿಯ ಸ್ವಂತ ಮಜ್ಜೆಯನ್ನ ಕೀಮೋ ಕೊಟ್ಟು ನಾಶ ಮಾಡಿರ್ತಾರೆ, ಆ ಹೊತ್ತಲ್ಲಿ ದಾನಿ ಹಿಂದೆ ಸರಿದ್ರೆ ಆ ಜೀವ ಉಳಿಯೋದು ಕಷ್ಟ.

ಅದಕ್ಕೇ ಪ್ರತಿಯೊಬ್ಬರನ್ನೂ ಕೇಳು: "ಎರಡು ವರ್ಷ ಬಿಟ್ಟು, ಪರೀಕ್ಷೆ ಹಿಂದಿನ ವಾರ ಫೋನ್ ಬಂದ್ರೆ ಏನಂತೀಯ? ಮನೇಲಿ ಹೇಳಿದೀಯಾ?" ತಡವರಿಸಿದ್ರೆ ಮನೇಲಿ ಮಾತಾಡ್ಕೊಂಡು ಬಾ ಅಂತ ಕಳ್ಸು. 200ರ ಬದಲು 60 ಆದ್ರೆ ಆಗ್ಲಿ, ಸರ್‌ಗೆ ಬೇಕಾದ್ರೆ ಈ ಪುಟ ತೋರ್ಸು. ಹುಡುಗರು ಸಿಮ್ ಬದಲಾಯಿಸ್ತಾನೇ ಇರ್ತಾರೆ, ಅದಕ್ಕೆ ಮನೆಯವರ ನಂಬರನ್ನೂ ಬರೆಸ್ಕೋ. ಕಡ್ಡಿ ಬಾಯಿಗಿಡೋ ಮುಂಚೆ ಅರ್ಧ ಗಂಟೆ ಏನೂ ತಿಂದಿರಬಾರದು, ಹತ್ತಿ ತುದಿಗೆ ಬೆರಳು ತಾಗಬಾರದು, ಫಾರಂ ಮೇಲಿನ ಸ್ಟಿಕ್ಕರೂ ಕವರ್ ಮೇಲಿಂದೂ ಒಂದೇನಾ ಅಂತ ಎರಡೆರಡು ಸಲ ನೋಡು.

"ಮನೆಯವರೇ ಕೊಡಬಹುದಲ್ವಾ" ಅಂತಾನೂ ಕೇಳ್ತಾರೆ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರಿಗೂ ಪೂರ್ತಿ ಹೊಂದೋ ಸಾಧ್ಯತೆ ನಾಲ್ಕರಲ್ಲಿ ಒಂದು ಅಷ್ಟೇ. ಈ ಗುರುತು ವಂಶದ ಜೊತೆ ಬರೋದ್ರಿಂದ ನಮ್ ಮಕ್ಕಳಿಗೆ ನಮ್ ಜನರಲ್ಲೇ ಹೊಂದಿಕೆ ಸಿಗೋದು ಜಾಸ್ತಿ, ಜರ್ಮನಿಯಲ್ಲಿ ಲಕ್ಷಗಟ್ಟಲೆ ದಾನಿಗಳಿದ್ದು ನಮಗೇನು ಬಂತು? ಪ್ರಪಂಚದ ಪಟ್ಟಿಗಳಲ್ಲಿ 4 ಕೋಟಿಗಿಂತ ಹೆಚ್ಚು ಹೆಸರಿವೆ, ಅದ್ರಲ್ಲಿ ನಮ್ಮವರು ತೀರಾ ಕಮ್ಮಿ. ಇಲ್ಲಿ ದಾನಿಗಳ ಹೆಸರು ಬರೆಸ್ಕೊಳ್ಳೋ ಸಂಸ್ಥೆಗಳಲ್ಲಿ 2009ರಲ್ಲಿ ಚೆನ್ನೈನಲ್ಲಿ ಶುರುವಾದ ದಾತ್ರಿ ಇದೆ, ಬೆಂಗಳೂರಿಂದ ಕೆಲಸ ಮಾಡೋ ಡಿಕೆಎಮ್ಎಸ್ ಇದೆ.

ಪ್ರಶ್ನೆ: ನಂಗೆ 58, ಓ ನೆಗೆಟಿವ್, 30 ವರ್ಷದಿಂದ ರಕ್ತ ಕೊಡ್ತಿದೀನಿ. ಮಜ್ಜೆ ದಾನಕ್ಕೆ ಹೆಸರು ಬರೆಸಬಹುದಾ? ಬ್ಲಡ್ ಗ್ರೂಪ್ ಹೊಂದಬೇಕಾ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬ್ಲಡ್ ಗ್ರೂಪ್ ಹೊಂದಲೇಬೇಕು ಅಂತಿಲ್ಲ ಸರ್, ಕಸಿ ಆದ್ಮೇಲೆ ರೋಗಿಯ ಗ್ರೂಪೇ ದಾನಿಯದಕ್ಕೆ ಬದಲಾಗುತ್ತೆ. ಆದ್ರೆ ಹೊಸದಾಗಿ ಹೆಸರು ಬರೆಸೋಕೆ 18 ತುಂಬಿರ್ಬೇಕು, ಮೇಲಿನ ಮಿತಿ 50-55, ಹಾಗಾಗಿ ನಿಮಗೆ ಆಗಲ್ಲ. ಆದ್ರೂ ನಿಮ್ಮನ್ನ ಕಾಯೋ ಮಕ್ಕಳಿದಾರೆ. ಥಲಸ್ಸೇಮಿಯಾ (ಹುಟ್ಟಿನಿಂದಲೇ ಬರೋ ರಕ್ತದ ಕಾಯಿಲೆ) ಜೋರಾಗಿರೋ ಮಗುವಿಗೆ ದಾನಿ ಸಿಗೋವರೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು, ನಿಮ್ಮಂಥ ಹಳೇ ದಾನಿಗಳು ಆರೋಗ್ಯ ಇದ್ರೆ 65ರವರೆಗೆ ಕೊಡಬಹುದು. ಮುಂದಿನ ಸಲ ರಕ್ತ ಕೊಡೋಕೆ ಹೋಗುವಾಗ ಮನೇಲಿರೋ ಹುಡುಗರನ್ನೂ ಕರ್ಕೊಂಡ್ ಹೋಗಿ.