ರಾತ್ರಿ ಎರಡಕ್ಕೆ ಚಿಲಕ ತೆಗೆಯುವ ಅತ್ತೆ

ಪ್ರಶ್ನೆ: ಅತ್ತೆಗೆ 76 ವರ್ಷ, ಅಲ್ಜೈಮರ್ಸ್ ಇದೆ. ಮಳೆಗಾಲ ಹಿಡಿದಾಗಿನಿಂದ ಹಗಲೆಲ್ಲ ತೂಕಡಿಸುತ್ತಾರೆ. ರಾತ್ರಿ ಎರಡಕ್ಕೆ ಎದ್ದು ‘ಹಾಲು ಕರೆಯಲು ಹೊತ್ತಾಯ್ತು’ ಎಂದು ಬಾಗಿಲು ತೆಗೆಯುತ್ತಾರೆ. ಕೊಟ್ಟಿಗೆ ಖಾಲಿಯಾಗಿ ವರ್ಷಗಳಾದವು. ಮರೆವಿಗೆ ರಾತ್ರಿ ಡೊನೆಪೆಜಿಲ್, ಸಂಜೆ ಕಾಲು ಊತಕ್ಕೆ ಫ್ಯುರೋಸೆಮೈಡ್ ಕೊಡುತ್ತೇವೆ. ನೆಗಡಿ ಮಾತ್ರೆ ಕೊಟ್ಟರೆ ನಿದ್ದೆ ಬರುತ್ತದಂತೆ, ಕೊಡಬಹುದೇ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಬೇಡವೇ ಬೇಡ. ಅನೇಕ ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮೈನ್ ಮಿದುಳಿನಲ್ಲಿ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡ ಬರುತ್ತದೆ. ಡೊನೆಪೆಜಿಲ್ ಕೊಡುವುದೇ ಆ ಅಸಿಟೈಲ್‌ಕೋಲಿನ್ ಉಳಿಯಲಿ ಎಂದು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತೆ. ಗಲಿಬಿಲಿ ಹೆಚ್ಚುತ್ತದೆ, ಮೂತ್ರ ಕಟ್ಟಬಹುದು. ಆಲ್ಪ್ರಜೋಲಮ್‌ನಂಥ ನಿದ್ದೆ ಮಾತ್ರೆ ಕೊಟ್ಟರೆ ಬಿದ್ದು ಸೊಂಟ ಮುರಿದುಕೊಳ್ಳುವ ಭಯ.

ಹೊಸ ಮಾತ್ರೆ ಕೇಳುವ ಮೊದಲು ಈಗಿನ ಮಾತ್ರೆಗಳ ಹೊತ್ತು ನೋಡಿ. ಫ್ಯುರೋಸೆಮೈಡ್ ಸುಮಾರು ಆರು ತಾಸು ಕೆಲಸ ಮಾಡುತ್ತದೆ. ಸಂಜೆ ನುಂಗಿದರೆ ನಡುರಾತ್ರಿಯವರೆಗೂ ಮೂತ್ರಕ್ಕೆ ಏಳಲೇಬೇಕು. ಡೊನೆಪೆಜಿಲ್‌ನಿಂದ ಕೆಲವರಿಗೆ ನಿದ್ದೆ ಕೆಡುತ್ತದೆ, ಕಣ್ಣಿಗೆ ಕಟ್ಟುವಂಥ ಕನಸು ಬೀಳುತ್ತವೆ. ಎರಡನ್ನೂ ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಇನ್ನು ಬೆಳಕು. ಈ ಕಾಯಿಲೆಯಲ್ಲಿ ಹಗಲು-ರಾತ್ರಿ ಗುರುತಿಸುವ ಮಿದುಳಿನ ಗಡಿಯಾರವೇ ಸವೆಯುತ್ತದೆ. ಅದಕ್ಕೆ ಬೆಳಗಿನ ಬೆಳಕು ಬೇಕು. ಎರಚಲಿಗೆ ತಟ್ಟಿ ಕಟ್ಟಿದ ಜಗಲಿಯಲ್ಲಿ ಮಧ್ಯಾಹ್ನವೂ ಮಬ್ಬು. ಮನೆಯೊಳಗಿನ ಬಲ್ಬಿನ ಬೆಳಕು ನೂರಿನ್ನೂರು ಲಕ್ಸ್ (ಬೆಳಕಿನ ಅಳತೆ) ಇದ್ದರೆ, ಮೋಡ ಕವಿದ ಆಕಾಶದ್ದು ಸಾವಿರ ದಾಟುತ್ತದೆ. ಒಂದು ತಟ್ಟಿ ಸರಿಸಿ, ಶಾಲು ಹೊದಿಸಿ, ಎಂಟರಿಂದ ಒಂಬತ್ತರವರೆಗೆ ಜಗಲಿಯ ಅಂಚಿಗೆ ಕೂರಿಸಿ. ಕೈಗೆ ಹತ್ತಿ ಕೊಡಿ, ಬತ್ತಿ ಹೊಸೆಯಲಿ. ಸುಮ್ಮನೆ ಕೂರಿಸಿದರೆ ಅಲ್ಲೇ ತೂಕಡಿಕೆ. ಬತ್ತಿ ಸೊಟ್ಟಗಾದರೂ ತಿದ್ದಬೇಡಿ. ಮಧ್ಯಾಹ್ನದ ನಿದ್ದೆ ಅರ್ಧ ತಾಸು ಸಾಕು, ಮೂರರೊಳಗೆ ಎಬ್ಬಿಸಿ. ಎರಡು ಗಂಟೆಯ ನಂತರ ಚಹಾ ಬದಲು ಕೊತ್ತಂಬರಿ-ಜೀರಿಗೆ ಕಷಾಯ. ಕುಡಿಯುವುದನ್ನು ಹಗಲಿಗೆ ಹೆಚ್ಚಿಸಿ, ರಾತ್ರಿ ಏಳರ ನಂತರ ಕಡಿಮೆ ಮಾಡಿ. ದಿನದ ಒಟ್ಟು ನೀರು ಕಡಿಮೆಯಾದರೆ ಗೊಂದಲ ಹೆಚ್ಚುತ್ತದೆ.

ಎರಡಕ್ಕೆ ಎದ್ದಾಗ ‘ದನ ಎಲ್ಲಿದೆ ಈಗ?’ ಎಂದು ವಾದಕ್ಕಿಳಿಯಬೇಡಿ. ‘ಇನ್ನೂ ಬೆಳಗಾಗ್ಲಿಲ್ಲ ಅತ್ತೆ, ಮೊದ್ಲು ಬಚ್ಚಲಿಗೆ ಹೋಗಿ ಬಪ್ಪ’ ಎನ್ನಿ. ಮೂತ್ರ, ಚಳಿ, ಹಸಿವು, ಮಂಡಿನೋವು ಇವುಗಳಲ್ಲಿ ಒಂದು ಸಾಮಾನ್ಯವಾಗಿ ಇರುತ್ತದೆ, ಹೇಳಲು ಮಾತ್ರ ಬರುವುದಿಲ್ಲ. ಹಾಸಿಗೆಯಿಂದ ಬಚ್ಚಲವರೆಗೆ ಮಂದ ಹಳದಿ ದೀಪ ಇರಲಿ, ಕರೆಂಟು ಹೋದರೂ ಉರಿಯುವಂಥ ಚಾರ್ಜಿನದು. ಬಾಗಿಲಿಗೆ ಗೆಜ್ಜೆ ಕಟ್ಟಿ, ಇನ್ನೊಂದು ಚಿಲಕವನ್ನು ತೀರ ಮೇಲೆ ಹಾಕಿಸಿ. ಆದರೆ ಅವರೊಬ್ಬರನ್ನೇ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಲೇಬೇಡಿ. ಬಾವಿಗೆ ಬೀಗವಿರುವ ಕಬ್ಬಿಣದ ಜಾಲರಿ ಇವತ್ತೇ ಆಗಲಿ.

ಎರಡು-ಮೂರು ದಿನದಲ್ಲಿ ಗೊಂದಲ ಏಕಾಏಕಿ ಹೆಚ್ಚಿದರೆ ಅದು ಬರೀ ಮರೆವು ಬೆಳೆದದ್ದೆಂದು ಬಿಡಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಕಫ ಇರಬಹುದು, ತಡಮಾಡದೆ ತೋರಿಸಿ.

ಪ್ರಶ್ನೆ: ಅಪ್ಪನಿಗೆ ಡಿಮೆನ್ಶಿಯಾ (ಮರೆವಿನ ಕಾಯಿಲೆ). ನಿದ್ದೆಯಲ್ಲೇ ಕೂಗಿ ಕಾಲು ಝಾಡಿಸುತ್ತಾರೆ. ರಾತ್ರಿ ನೋಡಿಕೊಳ್ಳಲು ನಾನೊಬ್ಬನೇ, ನನಗೂ ನಿದ್ದೆಯಿಲ್ಲ.
– ಓದುಗರು, ಕಾರವಾರ

ಉತ್ತರ: ಮೊದಲು ನಿಮ್ಮ ವಿಷಯ. ತುಂಡು ತುಂಡು ನಿದ್ದೆಗಿಂತ ಒಟ್ಟಿಗೆ ಸಿಗುವ ನಿದ್ದೆ ಮೇಲು. ಒಡಹುಟ್ಟಿದವರಿದ್ದರೆ ವಾರಕ್ಕೆ ಎರಡು ಪೂರ್ತಿ ರಾತ್ರಿ ಅವರಿಗೆ ಬಿಟ್ಟು ಬೇರೆ ಕೋಣೆಯಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಮಲಗಿ. ‘ಬೇಕಾದರೆ ಕರೆಯಿರಿ’ ಎನ್ನುವ ಸಹಾಯದಿಂದ ನಿದ್ದೆ ಬರುವುದಿಲ್ಲ. ನಿದ್ದೆಗೆಟ್ಟ ಬೆಳಿಗ್ಗೆ 66ರ ಹೆದ್ದಾರಿಯಲ್ಲಿ ಬೈಕ್ ಹತ್ತಬೇಡಿ. ಮನಸ್ಸು ತೀರ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅಪ್ಪನ ಮಂಚ ತಗ್ಗಿರಲಿ, ಪಕ್ಕದಲ್ಲಿ ಗಾದಿ ಹಾಸಿ, ಮೂಲೆ ಚೂಪಾದ ಮೇಜು ಸರಿಸಿ. ಕನಸಿನಲ್ಲಿ ಹೀಗೆ ಒದೆಯುವುದು ಲೂವಿ ಬಾಡಿ ಎಂಬ ಬಗೆಯ ಡಿಮೆನ್ಶಿಯಾದಲ್ಲಿ ಹೆಚ್ಚು. ಆ ಬಗೆಯವರಿಗೆ, ಗಲಾಟೆ ತಗ್ಗಿಸಲು ಕೊಡುವ ಹ್ಯಾಲೊಪೆರಿಡಾಲ್‌ನಂಥ ಔಷಧಿಯಿಂದ ಮೈ ಸೆಟೆದು ಅಪಾಯವಾಗಬಹುದು. ಆದ್ದರಿಂದ ಒಂದು ರಾತ್ರಿಯ ಒದೆತವನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ, ಯಾವ ವೈದ್ಯರ ಬಳಿ ಹೋದರೂ ಚೀಟಿ ಬರೆಯುವ ಮೊದಲೇ ತೋರಿಸಿ.