ಪವರ್ 70, ಹಿಟ್ 40 ಇದ್ದವನು ಪಟ್ಟಿಯಲ್ಲಿ ಯಾಕೆ ಕೆಳಗೆ?

ಅಮೆರಿಕದ ಬೇಸ್‌ಬಾಲಿನ ಅತಿ ಮೇಲಿನ ಹಂತವಾದ ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗಿರೋ ಟ್ರಿಪಲ್-ಎನಲ್ಲಿ 30 ಹೋಂ ರನ್ ಹೊಡೆದವನು ಪ್ರಾಸ್ಪೆಕ್ಟ್ (ಮುಂದೆ ಮೇಲೆ ಬರಬಹುದಾದ ಆಟಗಾರರ) ಪಟ್ಟಿಯಲ್ಲಿ ಯಾಕೆ ಅಷ್ಟು ಕೆಳಗಿದ್ದಾನೆ ಅಂತ ಕೇಳಿದ್ರಿ. ಪವರ್ (ಚೆಂಡನ್ನ ದೂರ ಹೊಡೆಯೋ ಬಲ) 70ರ ಪಕ್ಕದಲ್ಲೇ ಹಿಟ್ (ಚೆಂಡಿಗೆ ಸರಿಯಾಗಿ ಬ್ಯಾಟ್ ತಾಗಿಸೋ ಕೌಶಲ) 40 ಅಂತ ಇದೆಯಲ್ಲ, ಕಾರಣ ಅದೇ.

ಸ್ಕೌಟ್‌ಗಳ (ಆಟಗಾರರನ್ನ ನೋಡಿ ಅಂಕ ಕೊಡುವವರ) ಅಳತೆ 20ರಿಂದ 80. 50 ಅಂದ್ರೆ ಮೇಜರ್ ಲೀಗಿನ ಸರಾಸರಿ. ಚೆಂಡು ಬ್ಯಾಟಿಗೇ ಸಿಗದಿದ್ರೆ ಆ 70 ಬ್ಯಾಟಿಂಗ್ ಪ್ರಾಕ್ಟೀಸಿನಲ್ಲೇ ಉಳಿಯುತ್ತೆ. ಅದಕ್ಕೇ ಒಳ್ಳೇ ವರದಿಗಳಲ್ಲಿ ರಾ ಪವರ್ (ಮೈಯಲ್ಲಿರೋ ಬಲ), ಗೇಮ್ ಪವರ್ (ಪಂದ್ಯದಲ್ಲಿ ಕಾಣೋ ಬಲ) ಅಂತ ಎರಡು ಅಂಕ ಕೊಡ್ತಾರೆ. ನೀವು ನೋಡಿದ್ದು ಯಾವುದು ಅಂತ ಮೊದಲು ಗಮನಿಸಿ.

ಆಮೇಲೆ ಸ್ಟ್ರೈಕ್‌ಔಟ್. ಅಂದ್ರೆ ಮೂರು ಸ್ಟ್ರೈಕ್ ಆಗಿ ಔಟಾಗೋದು. ಟ್ರಿಪಲ್-ಎಗಿಂತ ಒಂದು ಮೆಟ್ಟಿಲು ಕೆಳಗಿನ ಡಬಲ್-ಎನಲ್ಲೇ ಅದು ಬ್ಯಾಟಿಂಗ್ ಸರದಿಗಳ 30% ದಾಟಿದ್ರೆ ನನಗಂತೂ ಭಯ. ಸ್ಲೈಡರ್ ಅನ್ನೋ ತಿರುಗುವ ಎಸೆತ ಝೋನಿಗೇ (ಸ್ಟ್ರೈಕ್ ಅನ್ನಿಸೋ ಜಾಗಕ್ಕೇ) ಬರುತ್ತೆ ಅನ್ನಿಸಿ, ಕೊನೇ ಗಳಿಗೆಯಲ್ಲಿ ಪ್ಲೇಟಿನಿಂದ ಆಚೆ ಜಾರುತ್ತೆ. ಅದಕ್ಕೆ ಬ್ಯಾಟ್ ಬೀಸುವವನನ್ನ ಮೇಜರ್ ಲೀಗಿನ ಪಿಚರ್‌ಗಳು ಬಿಡೋದಿಲ್ಲ, ಮತ್ತೆ ಮತ್ತೆ ಅದನ್ನೇ ಎಸೀತಾರೆ.

ಮೈದಾನವನ್ನೂ ನೋಡಿ. ಉದಾಹರಣೆಗೆ, ಟ್ರಿಪಲ್-ಎ ತಂಡವಿರೋ ಆಲ್ಬುಕರ್ಕಿ ಊರು ಸಮುದ್ರಮಟ್ಟದಿಂದ 1,500 ಮೀಟರಿಗಿಂತ ಮೇಲಿದೆ; ತೆಳು ಗಾಳಿಯಲ್ಲಿ ಚೆಂಡು ದೂರ ಹೋಗುತ್ತೆ, ಸ್ಲೈಡರಿನಂಥ ಬ್ರೇಕಿಂಗ್ ಬಾಲ್ ತಿರುಗೋದೂ ಕಮ್ಮಿ. ತವರಿನ ಅಂಕಿ, ಹೊರಗಿನ ಅಂಕಿ ಬೇರೆ ಮಾಡಿ. ವಯಸ್ಸು 25 ಆಗಿದ್ರೆ ಪ್ರಾಸ್ಪೆಕ್ಟಿಗೆ ಅದು ಜಾಸ್ತಿ, ಇನ್ನಷ್ಟು ಕಳೀರಿ.

ಹಾಗಂತ ಈಗಲೇ ಕೈಬಿಡಬೇಡಿ. ಟೆಕ್ಸಸ್ ರೇಂಜರ್ಸ್‌ನ ಜೋಯಿ ಗ್ಯಾಲೊ 2017ರಲ್ಲಿ 196 ಸಲ ಸ್ಟ್ರೈಕ್‌ಔಟ್ ಆದ, ಬ್ಯಾಟಿಂಗ್ ಸರಾಸರಿ (ಹಿಟ್ ಸಿಕ್ಕ ಪಾಲು) ಬರೀ .209. ಆದ್ರೂ 41 ಹೋಂ ರನ್ ಹೊಡೆದ, ಜೊತೆಗೆ 75 ವಾಕ್ (ಝೋನಿನಾಚೆಯ ನಾಲ್ಕು ಎಸೆತ ಬಿಟ್ಟು ಮೊದಲ ಬೇಸ್ ಪಡೆಯೋದು) ಗಳಿಸಿದ. ಅವನನ್ನ ತಂಡದಲ್ಲಿ ಉಳಿಸಿದ್ದರಲ್ಲಿ ಆ ವಾಕ್‌ಗಳ ಪಾಲೂ ದೊಡ್ಡದು. ನಿಮ್ಮ ಹುಡುಗನ ವಾಕ್ 12% ಇದ್ರೆ ಇನ್ನೊಂದು ವರ್ಷ ಕಾಯಬಹುದು. 6% ಇದ್ರೆ ಪಟ್ಟಿ ಮಾಡಿದವರ ಮಾತೇ ಸರಿ.